ಅತ್ತೆಯ ಅಂಗೈ ಸಾರು

ನಮ್ಮ ಸೋದರತ್ತೆಯ ಬಾಯಿಂದ "ಚೆನ್ನಾಗಿದೆ" ಅಂತ ಕೇಳಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಕೈ ಮುಗಿಯುತ್ತೇನೆ. ತಮ್ಮ ಮದುವೆಯಲ್ಲೇ, ಹಾರ ಹಾಕಲು ಬಂದ ಗಂಡನಿಗೆ "ಬಾಸಿಂಗ ಓರೆಯಾಗೈತೆ" ಎಂದ ಮಹಾತಾಯಿ ಅವರು!

ತಮ್ಮೂರು ಹುಣಸಮಾರನಹಳ್ಳಿಯಿಂದ ನಮ್ಮಲ್ಲಿಗೆ ಬಸ್ಸಿನಲ್ಲಿ ಬರುವಾಗ ಡ್ರೈವರನ್ನೂ ಬಿಡುವುದಿಲ್ಲ. "ರಸ್ತೆ ಉಬ್ಬು ಕಾಣ್ತಿದ್ದಂಗೆ ಕಾಲೆತ್ತಪ್ಪ, ಹಿಂದಿರೋರ ಬೆನ್ನು ಮುರೀತದೆ" ಎಂದರಂತೆ ಒಮ್ಮೆ. ಪಾಪ, ಮುಂದಿನ ಉಬ್ಬಿಗೆ ಆತ ನಿಧಾನಿಸಿದ. "ಈಗ ನಿಧಾನ ಜಾಸ್ತಿಯಾಯ್ತು!"

ಆದರೆ ಅವರದೊಂದು ನಿಯಮವಿದೆ. ಏನು ತಪ್ಪು, ಯಾವಾಗಿನಿಂದ ತಪ್ಪು, ಈಗೇನು ಮಾಡಬೇಕು, ಈ ಮೂರನ್ನೂ ಹೇಳಲೇಬೇಕು. "ಬರೀ ಬೈಯೋದು ಜಗಳ ಕಣವ್ವ, ದಾರೀನೂ ತೋರಿಸ್ಬೇಕು" ಅನ್ನುತ್ತಾರೆ.

ಯಲಹಂಕದಲ್ಲಿ ನಾನು ನಡೆಸುವ ಪುಟ್ಟ ಮೆಸ್ಸಿಗೆ ಅವರ ಅಂಗೈಯೇ ನ್ಯಾಯಾಲಯ. ಸೌಟಿನಿಂದ ನಾಲ್ಕು ಹನಿ ಸಾರು ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ಸೂರು ನೋಡುತ್ತಾರೆ. ಅಷ್ಟು ಹೊತ್ತು ಅಡುಗೆಮನೆಯಲ್ಲಿ ಯಾರೂ ಉಸಿರಾಡುವುದಿಲ್ಲ.

ಅವತ್ತು ಮಧ್ಯಾಹ್ನ ಒಂದು ಆಫೀಸಿನ ಮ್ಯಾನೇಜರು ರುಚಿ ನೋಡಲು ಬರುವವರಿದ್ದರು. ಒಪ್ಪಿದರೆ ದಿನಾ ಅರವತ್ತು ಊಟದ ಆರ್ಡರು. ಇಲ್ಲದಿದ್ದರೆ ತಿಂಗಳ ಕೊನೆಗೆ ಮೆಸ್ಸಿಗೆ ಬೀಗ. ಅವರು ಬರಲು ಹತ್ತು ನಿಮಿಷವಿರುವಾಗ ಅತ್ತೆ ಸೂರು ನೋಡಿದರು.

"ಉಪ್ಪು ಸಾಲ್ದು. ಕೊನೇಲಿ ಹಾಕಿದ್ದೀಯ, ಬೇಳೆಗೆ ಹಿಡಿದಿಲ್ಲ. ಇನ್ನೊಂದು ಹಿಡಿ ಹಾಕು."

ನಾನು ರುಚಿ ನೋಡಿದೆ. ಉಪ್ಪು ಸರಿಯಾಗಿತ್ತು. ಹೋದ ವಾರವೂ ಹೀಗೇ ಆಗಿತ್ತು. ಅತ್ತೆ ಹೇಳಿದರೆಂದು ಉಪ್ಪು ಸುರಿದಿದ್ದೆ, ಗಿರಾಕಿಗಳು ಜಗ್ಗುಗಟ್ಟಲೆ ನೀರು ಕುಡಿದು ಎದ್ದುಹೋಗಿದ್ದರು. ಅಷ್ಟರಲ್ಲಿ ಅತ್ತೆಯೇ ಡಬ್ಬಿಗೆ ಕೈ ಹಾಕಿ ಹಿಡಿ ತುಂಬಿಕೊಂಡರು. ಅವರ ಮಣಿಕಟ್ಟು ಹಿಡಿದುಬಿಟ್ಟೆ.

"ಅತ್ತೆ, ಸಾರು ಸರಿಯಾಗಿದೆ. ನಿಮ್ಮ ನಾಲಿಗೇನೇ ಕೆಟ್ಟೋಗಿದೆ."

ಅತ್ತೆಗೆ ಹೀಗೆ ಎದುರಾಡಿದವರು ನಮ್ಮ ವಂಶದಲ್ಲೇ ಇಲ್ಲ. ಅವರು ನನ್ನನ್ನೇ ದಿಟ್ಟಿಸಿದರು.

"ಇದು ಬೈಗುಳ. ಸರಿಯಾಗಿ ಹೇಳು."

ಮಣಿಕಟ್ಟು ಬಿಟ್ಟೆ. "ನಿಮಗೆ ಉಪ್ಪು ಗೊತ್ತಾಗ್ತಿಲ್ಲ ಅತ್ತೆ. ಹೋದ ತಿಂಗಳು ನಿಮಗೆ ಜ್ವರ ಬಂತಲ್ಲ, ಅಲ್ಲಿಂದ ಹಿಂಗೆ. ನಾಳೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ಅವರು ಉಪ್ಪನ್ನು ನಿಧಾನವಾಗಿ ಡಬ್ಬಿಗೆ ಹಾಕಿ ಸ್ಟೂಲಿನ ಮೇಲೆ ಕೂತರು.

"ಅದಕ್ಕೇ ಊರಲ್ಲಿ ನನ್ನ ಮಗನ ಹೆಂಡ್ತಿ ನಾನು ಮಾಡಿದ ಸಾರಿಗೆ ಅಷ್ಟೊಂದು ಮಜ್ಜಿಗೆ ಸುರ್ಕೊಳ್ಳೋದು. ಯಾರೂ ಬಾಯಿ ಬಿಡಲಿಲ್ಲ ನೋಡು."

ನನಗೆ ಅಳು ಬಂತು. ಅವರಿಗೆ ಹೆದರಿ ನಾವೆಲ್ಲ ಅವರನ್ನು ಒಂಟಿ ಮಾಡಿದ್ದೆವು.

ಮ್ಯಾನೇಜರು ಬಂದರು, ಸಾರನ್ನು ಎರಡನೇ ಸಲ ಹಾಕಿಸಿಕೊಂಡರು, ಸೋಮವಾರದಿಂದಲೇ ಊಟ ಕಳಿಸಿ ಎಂದರು. ಒಳಗೆ ಓಡಿಬಂದು ಹೇಳಿದೆ. ಅತ್ತೆ ಅಂಗೈ ಚಾಚಿದರು. ನಾಲ್ಕು ಹನಿ ಬಿಟ್ಟೆ. ನೆಕ್ಕಿದರು, ಸೂರು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಂಗೊಂದೂ ಗೊತ್ತಾಗಾಕಿಲ್ಲ. ನೀನೇ ಹೇಳು, ಹೆಂಗೈತೆ?"

"ಚೆನ್ನಾಗಿದೆ ಅತ್ತೆ."

"ಹಂಗಾರೆ ಚೆನ್ನಾಗೈತೆ" ಎಂದರು ಅತ್ತೆ.