ಸ್ವಲ್ಪ ಬಿಸಿಲಿಗೆ ಬನ್ನಿ

ಕಣ್ಣು ಮುಚ್ಚಿಕೋ ಎಂದರೆ ಮುಚ್ಚಿಕೊಂಡು ಕೂರುವುದಕ್ಕೆ ಎಷ್ಟು ಓದಿರಬೇಕು ಹೇಳಿ? ನಾನು ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದವನು, ಒಪ್ಪುತ್ತೇನೆ. ಆದರೆ ಕಣ್ಣಾಮುಚ್ಚಾಲೆ ಆಡುವ ಮಕ್ಕಳಿಗೂ ಬರುವ ವಿದ್ಯೆಯಲ್ಲವೇ ಅದು? ನನ್ನಿಂದ ಆಗಲಿಲ್ಲ. ನಮ್ಮಕ್ಕ ಒಂದೇ ಒಂದು ಸಲ ‘ಕಣ್ಣು ಮುಚ್ಕೊಳ್ಳೋ’ ಎಂದಳು, ನಾನು ಮುಚ್ಚಲಿಲ್ಲ. ಅಷ್ಟೇ ನನ್ನ ಅಪರಾಧ. ಅದು ಎಷ್ಟು ದೊಡ್ಡದಾಗಿ ಬೆಳೆಯಿತು ಎಂದು ತಿಳಿಯಬೇಕಾದರೆ ಮೊದಲು ನಮ್ಮಕ್ಕನ ಚಟ ಏನೆಂದು ನಿಮಗೆ ಗೊತ್ತಾಗಬೇಕು.

ನಮ್ಮಕ್ಕನಿಗೆ ಗಂಡಸರ ಬೆನ್ನು ನೋಡುವ ಚಟ!

ಗಾಬರಿಯಾಗಬೇಡಿ. ಹೆಂಗಸರದ್ದನ್ನೂ ನೋಡುತ್ತಿದ್ದಳು. ಮಕ್ಕಳು, ಮುದುಕರು, ಮದುಮಕ್ಕಳು ಎಂಬ ಭೇದವಿರಲಿಲ್ಲ. ಅವಳು ಸರ್ಕಾರಿ ನರ್ಸು. ಆಸ್ಪತ್ರೆಯಲ್ಲಿ ಕೂತು ಸೂಜಿ ಚುಚ್ಚುವವಳಲ್ಲ, ಬಿಳಿ ಸೀರೆಯುಟ್ಟು ಚೀಲ ಹೆಗಲಿಗೆ ಹಾಕಿಕೊಂಡು ಹಳ್ಳಿ ಸುತ್ತುವವಳು. ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಂಡು ಹಾಯಾಗಿದ್ದವಳಿಗೆ ಯಾರೋ ಪುಣ್ಯಾತ್ಮರು ಕುಷ್ಠರೋಗ ಪತ್ತೆ ಹಚ್ಚುವ ತರಬೇತಿ ಕೊಟ್ಟರು. ನಮ್ಮ ಕಡೆ ಆ ರೋಗದ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ‘ದೊಡ್ಡ ರೋಗ’ ಎಂದು ದನಿ ತಗ್ಗಿಸುತ್ತಾರೆ. ಅದು ಮೈಮೇಲೆ ಒಂದು ಮಚ್ಚೆಯಾಗಿ ಶುರುವಾಗುತ್ತದೆ. ನೋವಿಲ್ಲ, ತುರಿಕೆಯಿಲ್ಲ. ನೋವಿಲ್ಲದ ಮಚ್ಚೆಗೆ ಯಾರು ತಾನೇ ಆಸ್ಪತ್ರೆಗೆ ಬರುತ್ತಾರೆ? ಅದಕ್ಕೇ ಅಕ್ಕ ಕಂಡ ಕಂಡವರಿಗೆಲ್ಲ, “ಸ್ವಲ್ಪ ಬಿಸ್ಲಿಗೆ ಬನ್ನಿ” ಎನ್ನತೊಡಗಿದಳು. ಮಚ್ಚೆ ಬಿಸಿಲಲ್ಲೇ ಚೆನ್ನಾಗಿ ಕಾಣುವುದು.

ಒಮ್ಮೆ ಇಬ್ಬರೂ ತುಮಕೂರಿನಲ್ಲಿ ಬಟವಾಡಿಗೆ ಹೋಗುವ ಬಸ್ಸು ಹತ್ತಿದ್ದೆವು. ಕಂಡಕ್ಟರು ಟಿಕೆಟ್ ಕೊಡಲು ಕೈ ಚಾಚಿದ. ಅಕ್ಕ ಟಿಕೆಟನ್ನು ಬಿಟ್ಟು ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಕಿಟಕಿಯ ಬೆಳಕಿಗೆ ಆ ಕಡೆ ತಿರುಗಿಸಿ ನೋಡಿದಳು, ಈ ಕಡೆ ತಿರುಗಿಸಿ ನೋಡಿದಳು. ಬಸ್ಸಿನ ಜನವೆಲ್ಲ ಕತ್ತು ಚಾಚಿತು.

“ಮದ್ವೆ ಆಗಿದ್ಯಾ?” ಎಂದಳು.

“ಆಗೈತೆ ಕಣಮ್ಮೋ!” ಎಂದು ಕಂಡಕ್ಟರು ಬೆವತುಹೋದ.

“ಹಂಗಾದ್ರೆ ಮನೆಯೋರ್ನೂ ಕರ್ಕೊಂಡು ಬನ್ನಿ, ಅವರ ಮೈನೂ ನೋಡ್ಬೇಕು.”

“ಅಮ್ಮಾ, ನೀವು ಟಿಕೆಟ್ ತಗೊಳ್ದಿದ್ರೂ ಪರ್ವಾಗಿಲ್ಲ, ನನ್ನ ಕೈ ಬುಡಿ!”

ನಾನು ನಾಚಿಕೆಯಿಂದ ಹಿಂದಿನ ಸೀಟಿಗೆ ಹೋಗಿ ಕೂತೆ. ಪಕ್ಕದವನು, “ಯಾರಯ್ಯ ಆಯಮ್ಮ?” ಎಂದು ಕೇಳಿದ. “ಗೊತ್ತಿಲ್ಲ ಸಾರ್” ಎಂದೆ. ಅಕ್ಕನ ವಿಷಯದಲ್ಲಿ ಸುಳ್ಳು ಹೇಳಿ ಜಾರಿಕೊಳ್ಳುವುದು ನನಗೆ ಆಗಲೇ ರೂಢಿಯಾಗಿತ್ತು ನೋಡಿ.

ಮಚ್ಚೆ ಸಿಕ್ಕಿದರೆ ಅಲ್ಲಿಗೆ ಮುಗಿಯಲಿಲ್ಲ. ಆ ಜಾಗಕ್ಕೆ ಸ್ಪರ್ಶ ಗೊತ್ತಾಗುತ್ತದೋ ಇಲ್ಲವೋ ನೋಡಬೇಕು. ಮನುಷ್ಯ ಕಣ್ಣು ಮುಚ್ಚಿಕೊಳ್ಳಬೇಕು, ಇವಳು ಪುಕ್ಕದಿಂದ ಮೆಲ್ಲಗೆ ಮುಟ್ಟಬೇಕು, ಮುಟ್ಟಿದ ಜಾಗವನ್ನು ಅವನು ಬೆರಳಿಟ್ಟು ತೋರಿಸಬೇಕು. ಅದಕ್ಕಾಗಿ ಅಕ್ಕ ಒಂದು ಕೋಳಿಪುಕ್ಕ ತಂದು ಚೀಲದಲ್ಲಿಟ್ಟುಕೊಂಡಳು. ಅವ್ವ ಅದನ್ನು ಕಂಡದ್ದೇ ತಡ, ಮನೆಯಲ್ಲಿ ರಂಪ ಎಬ್ಬಿಸಿದಳು. ಲಿಂಗಪೂಜೆ ಮಾಡುವ ಮನೆಯೊಳಗೆ ಕೋಳಿಪುಕ್ಕವೇ! ಚೀಲ ಅಂಗಳಕ್ಕೆ ಹಾರಿತು. ಮಾರನೆಯ ದಿನ ಅಕ್ಕ ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದ ನವಿಲುಗರಿಯನ್ನೇ ಕಿತ್ತುಕೊಂಡು ಡ್ಯೂಟಿಗೆ ಹೋದಳು.

ಆಗ ಅವಳಿಗೆ ಕುಣಿಗಲ್ ಕಡೆ ಕೆಲಸ. ಅಲ್ಲಿ ದರ್ಗಾದ ಫಕೀರರು ನವಿಲುಗರಿಯ ಕಟ್ಟಿನಿಂದ ಮಕ್ಕಳ ತಲೆ ಸವರಿ ದೃಷ್ಟಿ ತೆಗೆಯುತ್ತಿದ್ದರು. ಹಿಂದೂಗಳು, ಸಾಬರು ಎಂದಿಲ್ಲದೆ ಎಲ್ಲರೂ ಹೋಗುತ್ತಿದ್ದರು. ಬಿಳಿ ಬಟ್ಟೆಯ ಹೆಂಗಸೊಬ್ಬಳು ನವಿಲುಗರಿ ಹಿಡಿದು, ‘ಕಣ್ಣು ಮುಚ್ಕೊಳ್ಳಿ’ ಎಂದರೆ ಜನ ಏನೆಂದುಕೊಳ್ಳಬೇಕು? ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದವರೆಲ್ಲ ಬೀದಿಯಲ್ಲಿ ಸಾಲು ನಿಂತರು! ಬಳೆ ಅಂಗಡಿಯ ಅಜ್ಜಿ ಮೊಮ್ಮಗನನ್ನು ಮುಂದೆ ತಳ್ಳಿದಳು.

“ನರ್ಸಮ್ಮ, ಇವ್ನು ನಿದ್ದೇಲಿ ಬೆಚ್ಚಿ ಬೀಳ್ತಾನೆ. ಒಂದ್ಸಲ ಆಡಿಸ್ಬುಡಿ.”

“ಅಜ್ಜಿ, ಇದು ಮಂತ್ರ ಅಲ್ಲ ಕಣಜ್ಜಿ.”

“ಗೊತ್ತು ಬುಡಿ. ಮಂತ್ರ ಗೊತ್ತಿರೋರು ಹಂಗೇ ಅನ್ನೋದು.”

ಅಕ್ಕ ಎರಡು ಸಲ ತಿಳಿಹೇಳಿ ಸೋತಳು. ಆಮೇಲೆ, “ಸರಿ, ಅಂಗಿ ಬಿಚ್ಚಿ, ಬಿಸ್ಲಿಗೆ ನಿಲ್ಸಿ” ಎಂದಳು. ಆ ಬೀದಿಯಲ್ಲಿ ನೋಡದ ಬೆನ್ನು ಒಂದೂ ಉಳಿಯಲಿಲ್ಲ. ಮುಂದೊಂದು ದಿನ ಅದೇ ಅಜ್ಜಿ, ಮಗು ಈಗ ಚೆನ್ನಾಗಿ ನಿದ್ದೆ ಮಾಡುತ್ತಿದೆ ಎಂದು ಬಾಳೆಹಣ್ಣು ತಂದುಕೊಟ್ಟಳಂತೆ. “ತಗೊಂಡ್ಯಾ?” ಎಂದು ಅವ್ವ ಕೇಳಿದಳು. “ವಾಸಿ ಆಗಿದ್ದನ್ನ ಬೇಡ ಅನ್ನೋಕಾಗುತ್ತಾ?” ಎಂದು ಅಕ್ಕ ಹಣ್ಣು ಸುಲಿದಳು.

ಇಂಥವಳನ್ನು ಮದುವೆಗೆ ನೋಡಲು ಮರಳೂರಿನಿಂದ ಗಂಡಿನವರು ಬಂದರು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಅಕ್ಕ ತಲೆ ತಗ್ಗಿಸಲಿಲ್ಲ, ಹುಡುಗನನ್ನೇ ನೆಟ್ಟ ನೋಟದಿಂದ ನೋಡುತ್ತ ನಿಂತುಬಿಟ್ಟಳು. ಹುಡುಗಿಗೆ ಹುಡುಗ ಬಲು ಹಿಡಿಸಿದ್ದಾನೆ ಎಂದು ಹಿರಿಯರು ಮುಸಿಮುಸಿ ನಕ್ಕರು. ಅಷ್ಟರಲ್ಲಿ ಅಕ್ಕ ಬಾಯಿ ಬಿಟ್ಟಳು. “ಸ್ವಲ್ಪ ಬಿಸ್ಲಿಗೆ ಬರ್ತೀರಾ?” ಆ ಕಾಲದಲ್ಲಿ ಹೆಣ್ಣು ಹಾಗೆ ಕರೆಯುವುದುಂಟೇ! ಹುಡುಗ ಮಾತ್ರ ಮಂಕು ಬಡಿದವನಂತೆ ಎದ್ದು ಹೋದ. ಅಂಗಳದಲ್ಲಿ ಅವನ ಷರ್ಟಿನ ಕಾಲರು ಸರಿಸಿ ಕತ್ತು ನೋಡಿ, ಒಳಗೆ ಬಂದು ಸಭೆಗೆಲ್ಲ ಕೇಳುವಂತೆ ಹೇಳಿದಳು. “ಏನೂ ಹೆದ್ರಬೇಡಿ, ಬರೀ ಚಿಬ್ಬು.”

ಸಂಬಂಧ ಮುರಿಯಿತು ಎಂದು ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹುಡುಗನೇ, “ಇದೇ ಹುಡುಗಿ ಇರ್ಲಿ. ಇಷ್ಟು ಹತ್ತಿರದಿಂದ ನನ್ನನ್ನ ಇದುವರ್ಗೂ ಯಾರೂ ನೋಡಿಲ್ಲ” ಎಂದುಬಿಟ್ಟ! ಅವರೇ ನಮ್ಮ ಭಾವ.

ಮದುವೆಯಾದ ಮೇಲೆ ಅಕ್ಕನಿಗೆ ಗುಬ್ಬಿ ತಾಲ್ಲೂಕಿನ ಕಡಬಕ್ಕೆ ವರ್ಗವಾಯಿತು. ಅಷ್ಟರಲ್ಲಿ ನಾನು ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ನನ್ನದೇ ಒಂದು ಇಡ್ಲಿ ಹೋಟೆಲು ಇಟ್ಟಿದ್ದೆ. ಹೊಸ ಊರಿನಲ್ಲೂ ಅವಳ ಬೇಟೆ ನಡೆಯಿತು. ಮೈತುಂಬ ವಿಭೂತಿ ಧರಿಸಿದ ಯಜಮಾನರೊಬ್ಬರಿಗೆ, “ತೋಳಿನ ವಿಭೂತಿ ಸ್ವಲ್ಪ ಒರೆಸ್ತೀರಾ?” ಎಂದಳು.

“ಏನಮ್ಮಾ, ಶಿವನ್ನೇ ಅಳಿಸ್ತೀಯಾ?”

“ಶಿವನ ಅಡೀಲಿ ಬೇರೆ ಯಾರಾದ್ರೂ ಅವಿತವ್ರಾ ನೋಡ್ತೀನಿ. ಆಮೇಲೆ ನಾನೇ ಹಚ್ಕೊಡ್ತೀನಿ.”

ನೋಡಿದಳು, ಏನೂ ಇರಲಿಲ್ಲ, ಮಾತಿನಂತೆ ಹಚ್ಚಿಯೂ ಕೊಟ್ಟಳು. ಅದು ಎಷ್ಟು ಸೊಟ್ಟಗಿತ್ತೆಂದರೆ ಯಜಮಾನರು ಮನೆಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿದರು.

ಅವಳಿಗೆ ನಿಜವಾದ ಹಬ್ಬವೆಂದರೆ ಯುಗಾದಿ. ಅವತ್ತು ಬೆಳಿಗ್ಗೆ ಊರಿನ ಗಂಡಸರೆಲ್ಲ ಹರಳೆಣ್ಣೆ ಹಚ್ಚಿಸಿಕೊಳ್ಳಲು ಬರಿಮೈಯಲ್ಲಿ ಅಂಗಳದ ಬಿಸಿಲಿಗೆ ನಿಲ್ಲುತ್ತಾರಲ್ಲ! ಎಲ್ಲರೂ ರಜೆ ಹಾಕಿದರೆ ಇವಳು ಆ ದಿನ ಬೀದಿ ಸುತ್ತುತ್ತಿದ್ದಳು. “ಎಣ್ಣೆ ಹಚ್ಚೋಕೆ ಮುಂಚೆ ನಿಂತ್ಕೊಳ್ಳಿ, ಎಣ್ಣೆ ಬಿದ್ಮೇಲೆ ಎಲ್ಲಾ ಒಂದೇ ಥರ ಮಿಂಚುತ್ತೆ!”

ಅಂಥ ಒಂದು ಯುಗಾದಿಗೆ ಅಕ್ಕ, ಭಾವ ನಮ್ಮ ಮನೆಗೆ ಬಂದಿದ್ದರು. ಅವ್ವ ನನಗೆ ಎಣ್ಣೆ ಹಚ್ಚಲು ಬಟ್ಟಲು ತಂದಳು. ಅಕ್ಕ ನನ್ನ ಎಡ ಮೊಣಕೈಯ ಕೆಳಗೆ ನೋಡಿದಳು. ಅವಳ ಮುಖದ ನಗು ಹೋಯಿತು. “ಇದ್ಯಾವಾಗಿಂದ ಐತೆ?”

ಆ ಮಚ್ಚೆ ಯಾವಾಗಿನಿಂದ ಇತ್ತೆಂದು ನನಗೆ ಗೊತ್ತಿತ್ತು. ಅದೇನೆಂದೂ ಗೊತ್ತಿತ್ತು. ಕೆಲವು ತಿಂಗಳ ಹಿಂದೆ ಕುದಿಯುವ ಸಾಂಬಾರು ಸರಿಯಾಗಿ ಅಲ್ಲೇ ಸಿಡಿದು ಬೊಬ್ಬೆ ಎದ್ದಿತ್ತು, ನನಗೆ ಉರಿಯಲಿಲ್ಲ. ಗಿರಾಕಿಗಳ ಮುಂದೆ, ‘ನೋಡ್ರಪ್ಪಾ ಗಂಡಸು ಅಂದ್ರೆ!’ ಎಂದು ಜಂಬ ಕೊಚ್ಚಿದೆ. ಮನೆಗೆ ಬಂದು ಸೂಜಿ ಚುಚ್ಚಿ ನೋಡಿ ಅತ್ತೆ. ಇಡ್ಲಿ ಬಡಿಸುವವನಿಗೆ ದೊಡ್ಡ ರೋಗ ಎಂದರೆ ಗುಬ್ಬಿಯಲ್ಲಿ ಯಾರು ಎಲೆ ಮುಂದೆ ಕೂರುತ್ತಾರೆ?

ಅಕ್ಕ ನನ್ನನ್ನು ಜಗಲಿಯ ಮೇಲೆ ಕೂರಿಸಿದಳು. “ಕಣ್ಣು ಮುಚ್ಕೊಳ್ಳೋ.” ಬೇರೆಯವರಾಗಿದ್ದರೆ ಮುಖ ಆ ಕಡೆ ತಿರುಗಿಸಿ, ಕಣ್ಣಿಗೆ ಅಡ್ಡ ಕೈ ಹಿಡಿಸುತ್ತಿದ್ದಳು. ನಾನು ತಮ್ಮನಲ್ಲವೇ, ಬರೀ ಬಾಯಿಮಾತು ಸಾಕೆಂದುಕೊಂಡಳು. ನಾನು ರೆಪ್ಪೆಯ ಸಂದಿಯಿಂದ ಗರಿ ಎಲ್ಲಿ ಬೀಳುತ್ತದೆಂದು ನೋಡಿ ನೋಡಿ ಅಲ್ಲಲ್ಲೇ ಬೆರಳಿಟ್ಟೆ. ಮುಟ್ಟಿದಂತೆ ಮಾಡಿ ಮುಟ್ಟದೆ ಇರುವುದು ಅವಳ ಒಂದು ಉಪಾಯ. ಆಗೆಲ್ಲ ಬೆರಳು ಎತ್ತಲೇ ಇಲ್ಲ. ಜೀವಮಾನದಲ್ಲಿ ನಾನು ನೂರಕ್ಕೆ ನೂರು ತೆಗೆದ ಪರೀಕ್ಷೆ ಅದೊಂದೇ!

“ಚಿಬ್ಬು ಕಣ್ಲಾ, ಚಿಬ್ಬು! ಎದೆ ಒಡ್ಸಿಬಿಟ್ಟಿದ್ದೆ ನೋಡು” ಎಂದು ಅಕ್ಕ ನನ್ನ ಬೆನ್ನಿಗೊಂದು ಗುದ್ದಿದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ತನ್ನ ಪಾಲಿನ ಹೋಳಿಗೆಯನ್ನೂ ನನ್ನೆಲೆಗೆ ಹಾಕಿದಳು. ನಾನು ತಿಂದೆ.

ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ಎಡಗೈಯ ಕಿರುಬೆರಳು, ಉಂಗುರದ ಬೆರಳು ಮಡಚಿಕೊಳ್ಳತೊಡಗಿದವು. ಅಕ್ಕ ಬಂದಾಗಲೆಲ್ಲ ಆ ಕೈಯನ್ನು ಟವೆಲಿನ ಕೆಳಗೆ ಮುಚ್ಚಿಕೊಂಡೆ. ಒಂದು ದಿನ ಅವಳ ಮೇಲಿನ ಸಾಹೇಬರು ಜೀಪಿನಲ್ಲಿ ಬಂದು ಅಕ್ಕನ ಜೊತೆ ನನ್ನ ಹೋಟೆಲಿಗೇ ಟೀ ಕುಡಿಯಲು ಕೂತರು. ಟೀ ಇಡುವಾಗ ಟವೆಲು ಜಾರಿತು. ಸಾಹೇಬರು ನನ್ನ ಬೆರಳು ನೋಡಿದರು, ಅಂಗಿಯ ತೋಳು ಮಡಿಸಿ ಮಚ್ಚೆ ನೋಡಿದರು, ಮೊಣಕೈಯ ಒಳಗಿನ ನರ ಒತ್ತಿದರು. ನಾನು ಕುಂಯ್ ಎಂದೆ.

“ನಿಮ್ಮಕ್ಕ ಇದನ್ನ ನೋಡಿಲ್ವೇನಯ್ಯ?”

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ನೋಡಿದ್ರು ಸಾರ್. ಚಿಬ್ಬು ಅಂದ್ರು.”

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಇದುವರೆಗೆ ಹೇಳಿಲ್ಲ.

“ಮನೇಲಿರೋದೇ ಕಾಣಲ್ಲ, ಊರೋರ ಮೈಯೆಲ್ಲ ಏನಮ್ಮ ನೋಡ್ತೀಯ?” ಎಂದು ಸಾಹೇಬರು ಎಲ್ಲರ ಎದುರಿಗೇ ಬೈದರು. ಅಕ್ಕ ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

ಆದರೂ ಅವಳು ನನ್ನ ಕೈ ಬಿಡಲಿಲ್ಲ. ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ದಿನಾ ಬಿಳಿ ಮಾತ್ರೆ, ತಿಂಗಳಿಗೊಮ್ಮೆ ಅವಳ ಕಣ್ಣೆದುರೇ ಕೆಂಪು ಮಾತ್ರೆ. ಆ ಕೆಂಪು ಮಾತ್ರೆ ನುಂಗಿದ ದಿನ ನಾನು ಹಿತ್ತಿಲಿನಿಂದ, “ಅಕ್ಕಾ, ಸತ್ತೆ! ರಕ್ತ ಹೋಗ್ತೈತೆ!” ಎಂದು ಪಂಚೆ ಹಿಡಿದುಕೊಂಡು ಓಡಿ ಬಂದೆ. “ಮಾತ್ರೆ ಬಣ್ಣ ಕಣೋ ಅದು, ಹೇಳೋದು ಮರ್ತೆ” ಎಂದು ನಕ್ಕಳು. ಆ ವರ್ಷವೆಲ್ಲ ಅವಳು ನಕ್ಕದ್ದು ಆಗ ಮಾತ್ರ. ಪ್ರತಿ ಸಂಜೆ ಕಡಬದಿಂದ ಬಸ್ಸಿನಲ್ಲಿ ಬಂದು ನನ್ನ ಕೈಯನ್ನು ಬಿಸಿನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದು ಬೆರಳನ್ನೂ ನೀವಿ ನೀವಿ ನೆಟ್ಟಗೆ ಮಾಡಿದಳು.

ಸುದ್ದಿ ಹಬ್ಬಿ ಗಿರಾಕಿಗಳು ಎದುರು ಹೋಟೆಲಿಗೆ ತಿರುಗಿದಾಗ ಅಕ್ಕ ಬೆಳಿಗ್ಗೆ ಬಿಳಿ ಸೀರೆಯಲ್ಲೇ ಬಂದು, ಬೀದಿಗೆ ಕಾಣುವ ಮೇಜಿನಲ್ಲಿ ಕೂರುತ್ತಿದ್ದಳು. “ಏಯ್, ನಿನ್ನ ಕೈಯಾರೆ ಬಡ್ಸು. ಆ ಕೈಲಿ ಅಲ್ಲ, ಈ ಎಡಗೈಲಿ ತಟ್ಟೆ ಹಿಡ್ಕೊಂಡು ಬಾ, ನೋಡ್ಲಿ ಎಲ್ರೂ!” ಎಂದು ಕೂಗಿ ಕರೆಯುತ್ತಿದ್ದಳು. ನರ್ಸಮ್ಮನೇ ತಿನ್ನುವಾಗ ತಮಗೇನು ಎಂದು ಒಬ್ಬೊಬ್ಬರೇ ವಾಪಸು ಬಂದರು. ಹೋಟೆಲು ಉಳಿಯಿತು. ಬೆರಳುಗಳೂ ಬಹುಮಟ್ಟಿಗೆ ಉಳಿದವು.

ಉಳಿಯದಿದ್ದುದು ಅಕ್ಕನ ಚಟ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದಳು. ಮದುವೆಮನೆಯಲ್ಲಿ ಯಾರನ್ನೂ ಬಿಸಿಲಿಗೆ ಕರೆಯಲಿಲ್ಲ. ಡ್ಯೂಟಿಯಲ್ಲಿ ಒಬ್ಬರನ್ನೇ ಮತ್ತೆ ಮತ್ತೆ ಪರೀಕ್ಷೆ ಮಾಡಿ, ಆದರೂ ನಂಬಿಕೆ ಬಾರದೆ ಇನ್ನೊಬ್ಬರಿಗೆ ತೋರಿಸುತ್ತಿದ್ದಳಂತೆ. “ಸದ್ಯ, ನಿಮ್ಮಕ್ಕಂಗೆ ಬುದ್ಧಿ ಬಂತು” ಎಂದು ಊರು ನಿಟ್ಟುಸಿರು ಬಿಟ್ಟಿತು. ಯಾಕೆ ಹಾಗಾದಳೆಂದು ಗೊತ್ತಿದ್ದವನು ನಾನೊಬ್ಬನೇ. ಹೇಳಲಿಲ್ಲ. ಒಂದು ವರ್ಷ ಹೇಳಲಿಲ್ಲ, ಇನ್ನೊಂದು ವರ್ಷವೂ ಹೇಳಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತಿಂಡಿಯ ಗಲಾಟೆ ಮುಗಿದ ಹೊತ್ತಿನಲ್ಲಿ ಅಕ್ಕ ಬಂದು ಕೂತಳು. ಕಾಫಿ ಕೊಟ್ಟೆ.

“ತುಮ್ಕೂರಿಗೆ ಹಾಕ್ತಾರಂತೆ ಕಣೋ. ಹೊಸದಾಗಿ ಬಂದಿರೋ ನರ್ಸ್ ಹುಡ್ಗೀರಿಗೆ ಕಲ್ಸೋಕೆ. ಆಗಲ್ಲ ಅಂತ ನಾಳೆ ಹೇಳ್ಬುಡ್ತೀನಿ.”

“ಯಾಕಕ್ಕ?”

“ಒಡಹುಟ್ಟಿದವನ ಕೈ ನೋಡೋಕೇ ಬರ್ಲಿಲ್ಲ ನಂಗೆ. ಅವ್ರಿಗೇನು ಹೇಳ್ಕೊಡ್ಲಿ?”

ಬೇಸರದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಕಾಫಿಗೆ ಸಕ್ಕರೆ ಕಡಿಮೆ ಎನ್ನುವ ಹಾಗೆ ಹೇಳಿದಳು. ನಾನು ಮೇಜು ಒರೆಸುವುದನ್ನು ನಿಲ್ಲಿಸಿದೆ.

“ಅಕ್ಕ, ಯುಗಾದಿ ದಿನ ನೀನು ಪರೀಕ್ಷೆ ಮಾಡ್ದಾಗ ನಾನು ಕಣ್ಣು ಮುಚ್ಚಿರ್ಲಿಲ್ಲ. ಸಂದೀಲಿ ನೋಡ್ಕೊಂಡು ಬೆರಳಿಟ್ಟೆ.”

ಅಕ್ಕ ಲೋಟ ಕೆಳಗಿಟ್ಟಳು. ಆಮೇಲೆ ಇದ್ದಕ್ಕಿದ್ದ ಹಾಗೆ ಹಣೆ ಚಚ್ಚಿಕೊಂಡಳು.

“ಥೂ ಪಾಪಿ! ಒಂದೂ ತಪ್ಪದಂಗೆ ತೋರಿಸ್ದಲ್ಲೋ! ಅಲ್ಲೇ ನಂಗೆ ಅನುಮಾನ ಬರ್ಬೇಕಾಗಿತ್ತು. ಏನೂ ಇಲ್ದಿರೋರೇ ಒಂದೆರಡು ತಪ್ತಾರೆ ಕಣೋ! ಆ ಹುಡ್ಗೀರಿಗೆ ಮೊದಲ್ನೇ ದಿನಾನೇ ಹೇಳ್ಬೇಕು ಇದನ್ನ, ತಮ್ಮಂದಿರನ್ನ ಮಾತ್ರ ನಂಬಬೇಡ್ರೇ ಅಂತ!”

ನಕ್ಕಳು. ಎಷ್ಟೋ ವರ್ಷಗಳ ಮೇಲೆ ಬಾಯ್ತುಂಬ ನಕ್ಕಳು. ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವಳು ನಗು ನಿಲ್ಲಿಸಿ, ಮೆತ್ತಗೆ ಕೇಳಿದಳು.

“ಕಣ್ಣು ಬುಟ್ಟಿದ್ದು ಸರಿ, ಹೆದರ್ಕೊಂಡಿದ್ದೆ. ಸಾಹೇಬ್ರ ಮುಂದೆ ಯಾಕ್ಲಾ ಹಂಗಂದೆ?”

ನಾನು ಅವಳ ಎದುರಿನ ಬೆಂಚಿನಲ್ಲಿ ಕೂತೆ.

“ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ನಿಂದು ಕಳೆದ್ಬುಟ್ಟೆ. ನಿನ್ನ ಕೈ ಯಾವತ್ತೂ ತಪ್ಪಿರ್ಲಿಲ್ಲ. ತಪ್ಪು ನಂದು. ತಪ್ಪಾಯ್ತು ಕಣಕ್ಕ.”