ಆಷಾಢಕ್ಕೆ ಸಿಕ್ಕಿಕೊಂಡ ಬದಲಾವಣೆ

ಬದಲಾವಣೆ ಎಂದರೆ ನನಗೆ ಬಹಳ ಇಷ್ಟ, ಅದು ಬೇರೆಯವರದಾಗಿದ್ದರೆ. ಮನೆಯಲ್ಲಿ ಸಾರಿನ ಪುಡಿ ಬದಲಾದರೆ ಎರಡು ದಿನ ಮಾತು ಬಿಡುವ ನಾನು, ನಿವೃತ್ತನಾದ ಮೇಲೆ ನಂಜನಗೂಡಿನ ಒಂದು ಸಣ್ಣ ಸಂಸ್ಥೆಯ ಮುಖ್ಯಸ್ಥನಾಗಿ ಅದನ್ನು ಬುಡಸಮೇತ ಬದಲಾಯಿಸಲು ಹೊರಟೆ. ಶಾಲೆಯ ಮಕ್ಕಳನ್ನು ಹೊಲ, ಕೆರೆ, ಕಾಲುವೆ ಏರಿಗೆ ಕರೆದುಕೊಂಡು ಹೋಗಿ ಪರಿಸರದ ಪಾಠ ಹೇಳುವುದು ಆ ಸಂಸ್ಥೆಯ ಕೆಲಸ. ಅದನ್ನು ಕಟ್ಟಿ ಬೆಳೆಸಿದ ವಿಜ್ಞಾನದ ಮೇಷ್ಟ್ರಿಗೆ ಮಂಡಿನೋವು ಬಂತು, ನನಗೆ ಕುರ್ಚಿ ಬಂತು. ನಾನೋ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಂಡಿದ್ದವನು. ಮರಗಳಲ್ಲಿ ನನಗೆ ಗೊತ್ತಿದ್ದದ್ದು ಎರಡೇ ಜಾತಿ: ತೆಂಗು ಮತ್ತು ತೆಂಗಲ್ಲದ್ದು.

ನಮಗೆ ನೆರವು ಕೊಡುತ್ತಿದ್ದವರು ಆ ಹೊತ್ತಿಗೆ ಸರಿಯಾಗಿ ಒಂದು ಪತ್ರ ಬರೆದರು. ಮೇಷ್ಟ್ರು ಕುರ್ಚಿ ಬಿಟ್ಟ ಮೇಲೆ ಸಂಸ್ಥೆ ಹೇಗೆ ನಡೆಯುತ್ತಿದೆಯೋ ನೋಡಲು ಬರುತ್ತೇವೆ, ಏನಾದರೂ ಬದಲಾವಣೆ ಕಾಣದಿದ್ದರೆ ನೆರವು ನಿಲ್ಲಿಸುತ್ತೇವೆ ಎಂದು. ನೆರವು ನಿಂತರೆ ಬಾಗಿಲಿಗೆ ಬೀಗವೇ ಗತಿ. ನಾನು ಮೈಸೂರಿಗೆ ಹೋಗಿ ನಾಯಕತ್ವದ ಬಗ್ಗೆ ಮೂರು ದಿನದ ತರಬೇತಿ ಪಡೆದು ಬಂದೆ. ಊಟ ಚೆನ್ನಾಗಿತ್ತು. ಆಮೇಲೆ ಎರಡು ತಿಂಗಳು ಎಲ್ಲರನ್ನೂ ಫ್ಯಾನಿನ ಕೆಳಗೆ ಕೂರಿಸಿಕೊಂಡು ಬದಲಾವಣೆಯ ಯೋಜನೆ ಬರೆದೆ. ಅದು ಮುಗಿಯುವ ತನಕ ಮಕ್ಕಳ ತಿರುಗಾಟ ನಿಲ್ಲಿಸಿದ್ದೆ. ಹೊಸ ಬೋರ್ಡು, ಹೊಸ ಟೀ ಶರ್ಟು, ಹೊಸ ಪಾಠ, ಎಲ್ಲವನ್ನೂ ಬಾಣದ ಗುರುತು ಹಾಕಿ ದೊಡ್ಡ ಹಾಳೆಯಲ್ಲಿ ಬರೆಸಿ ಲ್ಯಾಮಿನೇಷನ್ ಕೂಡ ಮಾಡಿಸಿದೆ. ಇನ್ನು ಶುರು ಮಾಡೋಣ ಎಂದೆ. ಯಾರೂ ಏಳಲಿಲ್ಲ.

ಮಕ್ಕಳನ್ನು ಸುತ್ತಾಡಿಸುವ ಬಿಳಿಗೆರೆಯ ಸಿದ್ದಮ್ಮ ಕ್ಯಾಲೆಂಡರಿನತ್ತ ನೋಡಿದರು. "ಆಸಾಡ ಉಟ್ಕತು ಕಣ್ ಸಾ, ಈಗ ಒಸ್ದು ಸುರು ಮಾಡಂಗಿಲ್ಲ" ಎಂದರು. ಜೀಪು ಓಡಿಸುವ ಮಾದೇಗೌಡ ಆಗಲೇ ನಾನು ಬರೆಸಿ ತಂದಿದ್ದ ಹೊಸ ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ನನಗೆ ಮೈಯೆಲ್ಲ ಉರಿಯಿತು. ವಿಜ್ಞಾನ ಹೇಳಿಕೊಡುವ ನಾವೇ ಹೀಗಂದರೆ ಹೇಗೆ ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಸಿದ್ದಮ್ಮ ಪೂರ್ತಿ ಕೇಳಿಸಿಕೊಂಡು, "ಇಜ್ಞಾನ ಎಲ್ಲಿಗ್ ಓಯ್ತದೆ ಸಾ, ಒಂದ್ ತಿಂಗ್ಳು ಕಾಯ್ತದೆ" ಎಂದರು.

ಆಷಾಢದ ಮೇಲೆ ನನಗೆ ಹಳೆಯ ಸೇಡೂ ಇದೆ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಆಷಾಢಕ್ಕೆಂದು ತಿರುಮಕೂಡಲು ನರಸೀಪುರದ ತವರಿಗೆ ಕರೆದುಕೊಂಡು ಹೋದರು. ಹತ್ತು ದಿನ ತಡೆದು, ಸಂಗಮದಲ್ಲಿ ಸ್ನಾನಕ್ಕೆ ಬಂದೆ ಎಂಬ ನೆಪದಲ್ಲಿ ಒದ್ದೆ ಪಂಚೆಯಲ್ಲೇ ಆ ಬೀದಿಗೆ ಹೋದೆ. ಅಳಿಯ ಹೊಸ್ತಿಲು ದಾಟಬಾರದಲ್ಲ, ಅತ್ತೆಯವರು ಎದುರುಮನೆಯ ಜಗಲಿಗೆ ಕಾಫಿ ಕಳಿಸಿದರು. ಹೆಂಡತಿ ಕಿಟಕಿಯಿಂದ ನೋಡಿ ನಕ್ಕಳು. ನನಗೆ ನೆಗಡಿಯಾಯಿತು.

ನೆರವು ಕೊಡುವ ಅತಿಥಿಗಳು ಬರುವ ಹಿಂದಿನ ದಿನ ನನಗೆ ಅನ್ನ ಸೇರಲಿಲ್ಲ. ಬೀಗ ಬಿದ್ದರೆ ಮೇಷ್ಟ್ರಿಗೆ ಯಾವ ಮುಖ ತೋರಿಸಲಿ ಎಂಬ ಭಯ ನಿಜವಾಗಿಯೂ ಹಿಡಿದಿತ್ತು. ನನ್ನ ಮುಖ ನೋಡಿ ಸಿದ್ದಮ್ಮನಿಗೆ ಕನಿಕರ ಬಂದಿರಬೇಕು. "ಒಸ್ದು ಮಾಡ್ಬಾರ್ದು ಅಷ್ಟೆಯಾ. ಅಳೇದ್ ಮಾಡಕ್ಕೇನು? ಮಕ್ಳುನ್ನ ಕರ್ಕೊಂಡು ಕಾಲ್ವೆ ಕಡಿಕೆ ಓಗ್ಬರವ" ಎಂದರು.

ಹಾಗಾಗಿ ಮರುದಿನ ಅತಿಥಿಗಳನ್ನೂ ಜೀಪಿನಲ್ಲಿ ತುಂಬಿಕೊಂಡು ಹುಲ್ಲಹಳ್ಳಿಯ ಕಾಲುವೆ ಏರಿಗೆ ಹೋದೆವು. ಶಾಲೆಯ ಮಕ್ಕಳು ಮೊದಲೇ ಬಂದು ನಿಂತಿದ್ದರು. ಸಿದ್ದಮ್ಮ ಈಚಲು ಮರದಲ್ಲಿ ನೇತಾಡುವ ಗೀಜಗನ ಗೂಡುಗಳನ್ನು ತೋರಿಸಿದರು. ಗಂಡು ಹಕ್ಕಿ ಅರ್ಧ ಗೂಡು ಕಟ್ಟಿ ಕಾಯುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪದಿದ್ದರೆ ಪಾಪ ಅದು ಮತ್ತೊಂದು ಕಟ್ಟಬೇಕು ಎಂದು ವಿವರಿಸಿದರು. ಹೆಣ್ಣು ಒಪ್ಪದೆ ಬಿಟ್ಟ ಅರ್ಧ ಗೂಡುಗಳನ್ನು ಮಕ್ಕಳು ಎಣಿಸತೊಡಗಿದರು, ಅತಿಥಿಗಳೂ ಎಣಿಸಿದರು. ನಾನು ದೊಡ್ಡ ಹಾಳೆ ಹಿಡಿದು ನನ್ನ ಯೋಜನೆಯನ್ನು ವಿವರಿಸಲು ಒಂದು ಹೆಜ್ಜೆ ಮುಂದೆ ಬಂದೆ. ಮುಂದಿನ ಹೆಜ್ಜೆ ನಾಟಿ ಮಾಡಿದ ಗದ್ದೆಯಲ್ಲಿತ್ತು. ಮಾದೇಗೌಡ ಮೊದಲು ಯೋಜನೆಯನ್ನು ಎತ್ತಿಕೊಂಡ, ಆಮೇಲೆ ನನ್ನನ್ನು. ಅಷ್ಟರಲ್ಲಿ ಸೋನೆ ಹಿಡಿಯಿತು. ಲ್ಯಾಮಿನೇಷನ್ ಆಗಿದ್ದರಿಂದ ಎರಡು ತಿಂಗಳ ನನ್ನ ಶ್ರಮ ಅತಿಥಿಯೊಬ್ಬರ ತಲೆಗೆ ಕೊಡೆಯಾಗಿ ಒದಗಿತು.

ವಾರದೊಳಗೆ ಪತ್ರ ಬಂತು. ತುಂಬ ಸಂತೋಷವಾಯಿತು, ನೆರವು ಮುಂದುವರಿಸುತ್ತೇವೆ, ಒಂದೇ ಒಂದು ಬದಲಾವಣೆ ಸಾಕು, ಮುಖ್ಯಸ್ಥರ ಜಾಗವನ್ನು ಸಿದ್ದಮ್ಮನವರಿಗೆ ಕೊಡಿ ಎಂದು ಬರೆದಿದ್ದರು. ಗಟ್ಟಿಯಾಗಿ ಓದುತ್ತಾ ಕೊನೆಯ ಸಾಲಿಗೆ ಬಂದಾಗ ನನ್ನ ದನಿ ತಾನಾಗಿಯೇ ಇಳಿಯಿತು. ಸಂಸ್ಥೆ ಉಳಿಯಿತಲ್ಲ ಎಂದು ಸಂತೋಷಪಡಬೇಕಾದವನು ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದೆ. ಸಿದ್ದಮ್ಮ ಮಾತ್ರ ಏನೂ ಆಗದವರಂತೆ, "ಈಗ್ಲೇ ಬ್ಯಾಡಿ ಸಾ. ಆಸಾಡ ಕಳೀಲಿ" ಎಂದರು.

ನಾನು ತಕ್ಷಣ ಒಪ್ಪಿಕೊಂಡೆ. ಹಿರಿಯರು ಮಾಡಿದ್ದಕ್ಕೆಲ್ಲ ಒಂದು ಅರ್ಥವಿರುತ್ತದೆ ಎಂದೂ ಸೇರಿಸಿದೆ. ಸಂಜೆ ಮನೆಗೆ ಹೋಗುವಾಗ ನಮ್ಮ ಬೀದಿಯ ಪುರೋಹಿತರ ಮನೆಗೆ ನುಗ್ಗಿ, ಈ ಸಲ ಅಧಿಕ ಆಷಾಢವೇನಾದರೂ ಬರುವ ಸಂಭವ ಉಂಟೇ ಎಂದು ಮೆಲ್ಲಗೆ ಕೇಳಿದೆ.