ಗುಂಡಿ ಆರು, ಕೆಲಸ ಒಂದು

ಕೈ ಸುಮ್ಮನಿರದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಕೊಟ್ಟೂರಿನಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಗಿರಾಕಿ ಒಂದು ಕೇಳಿದರೆ ಅದಕ್ಕೆ ಇನ್ನೆರಡು ಸೇರಿಸದೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

೧

ನೀಲಗುಂದದ ರೈತರೊಬ್ಬರಿಗೆ ಮೆಕ್ಕೆಜೋಳ ಬಿಡಿಸುವ ಯಂತ್ರ ಮಾಡಿ ಟೆಂಪೋದಲ್ಲಿ ಒಯ್ದೆ. ಒತ್ತಲು ಆರು ಗುಂಡಿ, ಕೆಂಪು ದೀಪ, ಮೇಲೊಂದು ಹಾರ್ನು. ಅರ್ಧ ಗಂಟೆ ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿದರು.

“ಎಲ್ಲಾ ಚಲೋ ಐತ್ರಿ. ಕಾಳು ಬೀಳೋದು ಯಾವ ಗುಂಡಿಗೆ?”

“ಮೂರನೇದಕ್ಕ.”

“ಹಂಗಾದ್ರ ಅದೊಂದು ಕೊಡ್ರಿ. ಉಳಿದ ಐದು ನಿಮ್ಮ ಅಂಗಡ್ಯಾಗ ಇರ್ಲಿ.”

೨

ಯಂತ್ರ ಹೋದ ಟೆಂಪೋದಲ್ಲೇ ವಾಪಸ್ ಬಂತು. ಹೆಂಡತಿ ಅಂದಳು: “ಇನ್ನೊಂದು ವಾಪಸ್ ಬರ್ಲಿ, ಅಂಗಡಿಗೆ ನಾನ ಕೀಲಿ ಜಡಿತೀನಿ.” ಹೆದರಿದೆ, ನಿಜ. ಆದರೂ ಬುದ್ಧಿ ಬರಲಿಲ್ಲ.

ಗುಡೇಕೋಟೆಯ ಕುರಿಗಾರರೊಬ್ಬರು ದೊಡ್ಡಿಗೆ ಗೇಟು ಕೇಳಿದ್ದರು. ಕಂಕುಳಲ್ಲಿ ಮರಿ ಇದ್ದಾಗ ಕಾಲಿಂದಲೇ ತೆಗೆಯಲಿ ಎಂದು ಕೆಳಗೊಂದು ಸ್ಪ್ರಿಂಗ್ ಪೆಡಲ್ ಇಟ್ಟೆ. ಮೂರೇ ದಿನಕ್ಕೆ ಗೇಟು ಹೊತ್ತು ಬಂದರು.

“ಯಾಕ್ರಿ, ಒತ್ತೋದು ಗೊತ್ತಾಗ್ಲಿಲ್ಲೇನು?”

“ನನಗ ಇನ್ನೂ ತಲಿಗಿ ಹತ್ತಿಲ್ರಿ. ನಮ್ಮ ಹೋತಕ್ಕ ಹತ್ತೇತಿ. ದಿನಾ ಮುಂಜಾನಿ ಅದ ಬಾಗ್ಲು ತಗದು ಎಲ್ಲಾವನ್ನೂ ಹೊರಗ ಕಳಸ್ತೈತಿ.”

೩

ಹೆಂಡತಿ ಕೀಲಿ ಹಿಡಿದು ಬಂದೇಬಿಟ್ಟಳು. ಕೈಕಾಲು ಹಿಡಿದೆ. ಕಡೆಯದೊಂದು ಅವಕಾಶ ಕೊಟ್ಟಳು, ಆದರೆ ತಾನು ಎದುರಿಗೇ ಕೂರುವ ಷರತ್ತಿನ ಮೇಲೆ.

ಆಗ ಹಡಗಲಿ ಕಡೆಯ ಅಜ್ಜಿಯೊಬ್ಬರು ಬಂದರು. ಬೀಜಕ್ಕೆಂದು ಮೆಕ್ಕೆಜೋಳದ ತೆನೆ ಬಿಡಿಸಿ ಬಿಡಿಸಿ ಅಂಗೈಯೆಲ್ಲ ಬೊಬ್ಬೆ. ಗೇಣುದ್ದವೂ ಇಲ್ಲದ ಪೈಪಿನ ತುಂಡು ಕತ್ತರಿಸಿ, ಒಳಗೆ ನಾಲ್ಕು ಹಲ್ಲು ಕೂಡಿಸಿದೆ. ತೆನೆ ತೂರಿಸಿ ತಿರುವಿದರೆ ಕಾಳು ಉದುರಿದವು. ಅಷ್ಟರಲ್ಲಿ ನನ್ನ ಕೈ ತುರಿಸತೊಡಗಿತು. ಇದಕ್ಕೊಂದು ಹಿಡಿಕೆ, ಹಿಡಿಕೆಗೊಂದು ಸ್ಟ್ಯಾಂಡು, ಸ್ಟ್ಯಾಂಡಿಗೊಂದು ಮೋಟಾರು...

ಹೆಂಡತಿ ತುಂಡನ್ನು ಕಸಿದು ಅಜ್ಜಿಯ ಕೈಗಿಟ್ಟು, “ಲಗೂನ ಹೋಗವ್ವ, ಇವರು ಮತ್ತ ಕೈ ಹಚ್ಚೋದ್ರೊಳಗ!” ಎಂದು ಬಸ್ಸಿಗೇ ಹತ್ತಿಸಿ ಬಂದಳು.

ವಾರದೊಳಗೆ ಅಜ್ಜಿಯ ಓಣಿಯವರೆಲ್ಲ ತಮಗೂ ಅದೇ ತುಂಡು ಬೇಕೆಂದು ಬಂದರು. ಆಮೇಲೆ ಹರಪನಹಳ್ಳಿಯವರು. ಕೊನೆಗೆ ಹಗರಿಬೊಮ್ಮನಹಳ್ಳಿಯ ದೊಡ್ಡ ಅಂಗಡಿಯವರೇ ಕಾರಿನಲ್ಲಿ ಬಂದು, ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಎಷ್ಟು ಸರಳ ಐತಿ! ಯಾರ ತಲಿರಿ ಇದು?”

ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅಂದಳು:

“ಮಾಡಿದ್ದು ಇವರೇ ರೀ, ಸುಳ್ಳು ಹೇಳಬಾರ್ದು. ಸಾಕು ಅಂದಾಕಿ ನಾನು.”